ಗೋವಾ ಗಾತ್ರದ ಮಂಜುಗಡ್ಡೆ ಮತ್ತು ಜಾಮೀನಿನ ಲೆಕ್ಕ

ಅಂಟಾರ್ಕ್ಟಿಕಾದಲ್ಲಿ ಭಾರೀ ಹಿಮಬಂಡೆಯೊಂದು ಕಳಚಿಕೊಂಡು ಸಮುದ್ರಕ್ಕೆ ಹೊರಟಿತು ಅಂತ ಸುದ್ದಿ ಬಂದಾಗಲೆಲ್ಲ ನಮ್ಮ ಪೇಪರಿನವರು, ಟೀವಿಯವರು ಮೊದಲು ಹುಡುಕೋದು ಒಂದೇ: ಇದನ್ನ ಯಾವ ಊರಿಗೆ ಹೋಲಿಸೋಣ? 2017ರ ಜುಲೈನಲ್ಲಿ ಲಾರ್ಸೆನ್-ಸಿ ಅನ್ನೋ ಐಸ್ ಶೆಲ್ಫಿನಿಂದ ಎ-68 ಕಳಚಿತು. ಸುಮಾರು 5,800 ಚದರ ಕಿ.ಮೀ., ಅಂದರೆ ಗೋವಾ ರಾಜ್ಯದ ಒಂದೂವರೆ ಪಟ್ಟಿಗಿಂತ ಹೆಚ್ಚು. 2021ರ ಮೇ ತಿಂಗಳಲ್ಲಿ ಎ-76, 4,320 ಚದರ ಕಿ.ಮೀ. ಅದೂ ಗೋವಾಕ್ಕಿಂತ ದೊಡ್ಡದೇ. 2023ರ ಜನವರಿಯಲ್ಲಿ ಎ-81, 1,550 ಚದರ ಕಿ.ಮೀ. ಅದಕ್ಕೆ ಲಂಡನ್ ಹೋಲಿಕೆ ಸಿಕ್ಕಿತು. ನಾವು ಓದುತ್ತೇವೆ, 'ಅಬ್ಬಾ' ಅನ್ನುತ್ತೇವೆ, ಚಹಾ ಮುಗಿಸಿ 8.14ರ ಲೋಕಲ್ ಹಿಡಿಯಲು ಓಡುತ್ತೇವೆ. ಅಲ್ಲಿಗೆ ಮುಗಿಯಿತು.

ನಾನು ವಿಜ್ಞಾನಿಯಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದವನು, ಮೂರು ದಶಕದಿಂದ ಮುಂಬಯಿಯಲ್ಲಿ ಬೇರೆಯವರ ಲೆಕ್ಕ ನೋಡುತ್ತಾ ಕೂತವನು. ಆದರೆ ಲೆಕ್ಕದವನ ಕಣ್ಣಿಗೆ ಈ ಸುದ್ದಿಗಳಲ್ಲಿ ಒಂದು ದೊಡ್ಡ ಕೊರತೆ ಕಾಣುತ್ತೆ. ಗಾತ್ರ ಹೇಳುತ್ತಾರೆ, ತೂಕ ಹೇಳುತ್ತಾರೆ. ಆ ಬಂಡೆ ಹೋಗುವ ಮುಂಚೆ ಅಲ್ಲಿ ನಿಂತು ಏನು ಕೆಲಸ ಮಾಡುತ್ತಿತ್ತು ಅಂತ ಯಾರೂ ಹೇಳೋದಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೊಂದೇ.

ಮೊದಲು ಈ ಹೆಸರುಗಳ ವಿಷಯ. ಎ, ಬಿ, ಸಿ, ಡಿ ಅನ್ನೋದು ನಮ್ಮ ಲೆಡ್ಜರಿನ ಫೋಲಿಯೋ ಇದ್ದ ಹಾಗೆ. ಅಂಟಾರ್ಕ್ಟಿಕಾವನ್ನ ರೇಖಾಂಶದ ಪ್ರಕಾರ ನಾಲ್ಕು ಪಾಲು ಮಾಡಿದ್ದಾರೆ. ಯಾವ ಪಾಲಿನಲ್ಲಿ ಬಂಡೆ ಮೊದಲು ಕಂಡಿತೋ ಆ ಅಕ್ಷರ, ಆಮೇಲೆ ಸರದಿ ಸಂಖ್ಯೆ. ಅಮೆರಿಕದ ನ್ಯಾಷನಲ್ ಐಸ್ ಸೆಂಟರ್ ಈ ರಿಜಿಸ್ಟರ್ ಇಟ್ಟಿದೆ. ಬಂಡೆ ಒಡೆದರೆ ಚೂರುಗಳಿಗೆ ಇನ್ನೊಂದು ಅಕ್ಷರ ಸೇರುತ್ತೆ. ಎ-23ಎ ಅಂದರೆ ಎ-23ರ ದೊಡ್ಡ ಮಗ! ಉಪಗ್ರಹದ ಕಾಲದಲ್ಲಿ ಕಂಡ ಅತಿ ದೊಡ್ಡದು ಬಿ-15. 2000ದ ಮಾರ್ಚಿನಲ್ಲಿ ರಾಸ್ ಐಸ್ ಶೆಲ್ಫಿನಿಂದ ಹೊರಟದ್ದು, ಸುಮಾರು 11,000 ಚದರ ಕಿ.ಮೀ.

ಐಸ್ ಶೆಲ್ಫ್ ಅಂದರೇನು? ಅಂಟಾರ್ಕ್ಟಿಕಾದ ನೆಲದ ಮೇಲೆ ಸಾವಿರಾರು ವರ್ಷ ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ನಿಧಾನವಾಗಿ ಸಮುದ್ರದ ಕಡೆ ಹರಿಯುತ್ತೆ. ಅದು ಹಿಮನದಿ. ದಡ ದಾಟಿದ ಮೇಲೂ ಮುರಿಯದೆ, ನೀರಿನ ಮೇಲೆ ಚಪ್ಪಡಿಯ ಹಾಗೆ ತೇಲುತ್ತಾ, ನೆಲದ ಹಿಮಕ್ಕೆ ಅಂಟಿಕೊಂಡೇ ನಿಂತ ಭಾಗವೇ ಐಸ್ ಶೆಲ್ಫ್. ಇವು ಸಣ್ಣವಲ್ಲ. ರಾಸ್ ಐಸ್ ಶೆಲ್ಫ್ ಒಂದೇ ಸುಮಾರು 5 ಲಕ್ಷ ಚದರ ಕಿ.ಮೀ., ನಮ್ಮ ಕರ್ನಾಟಕದ ಎರಡೂವರೆ ಪಟ್ಟು. ಹಿಂದಿನಿಂದ ಹಿಮ ಬರುತ್ತಾ ಇರುತ್ತೆ, ಮುಂದಿನ ಅಂಚು ಆಗಾಗ ಮುರಿಯುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಹಸು ಕರು ಹಾಕುವುದಕ್ಕೆ ಇರುವ ಮಾತನ್ನೇ ಬಳಸುತ್ತಾರೆ. ಹಿಮ ಬೀಳೋದು ಜಮಾ, ಅಂಚು ಮುರಿಯೋದು ಮತ್ತು ಅಡಿಯಿಂದ ಕರಗೋದು ಖರ್ಚು. ಜಮಾ-ಖರ್ಚು ಸರಿತೂಗಿದರೆ ಎಷ್ಟೇ ದೊಡ್ಡ ಬಂಡೆ ಹೋದರೂ ಅದು ದಿನನಿತ್ಯದ ವ್ಯವಹಾರವೇ. ಎ-81 ಹೋದಾಗ ಬ್ರಿಟಿಷ್ ವಿಜ್ಞಾನಿಗಳು ಇದೇ ಮಾತು ಹೇಳಿದರು: ಇದು ಸ್ವಾಭಾವಿಕ, ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಹಚ್ಚಬೇಡಿ ಅಂತ.

ಹಾಗಾದರೆ ಚಿಂತೆ ಯಾಕೆ? ಇಲ್ಲಿಂದಲೇ ಗೊಂದಲ ಶುರು.

2023ರ ಕೊನೆಗೆ ಎ-23ಎ ಸುದ್ದಿಯಾದಾಗ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಗಲಾಟೆ. ಅದರ ಕಥೆಯೇ ಮಜಾ. 1986ರಲ್ಲಿ ಫಿಲ್ಶ್ನರ್ ಐಸ್ ಶೆಲ್ಫಿನಿಂದ ಹೊರಟ ಬಂಡೆಯ ಚೂರು ಅದು. ರಷ್ಯನ್ನರ ಒಂದು ಬೇಸಿಗೆ ನಿಲ್ದಾಣವನ್ನೂ ಹೊತ್ತುಕೊಂಡು ಆ ಬಂಡೆ ಹೊರಟಿತ್ತು. ಸ್ವಲ್ಪ ದೂರ ಹೋಗಿ ವೆಡೆಲ್ ಸಮುದ್ರದ ತಳಕ್ಕೆ ತಾಗಿ ನಿಂತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಾಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡಾರ್ಮೆಂಟ್ ಅಕೌಂಟ್! 2020ರ ಹೊತ್ತಿಗೆ ಮೆಲ್ಲಗೆ ಅಲುಗಾಡಿ, 2023ರಲ್ಲಿ ಹೊರಟೇಬಿಟ್ಟಿತು. ಗುಂಪಿಗೆ ಬಂದ ಫಾರ್ವರ್ಡ್ ಏನಪ್ಪಾ ಅಂದರೆ, ಈ ಬಂಡೆ ಕರಗಿದರೆ ಮುಂಬಯಿ ಮುಳುಗುತ್ತೆ, ಕೊಲಾಬಾ ಮೊದಲು, ಆಮೇಲೆ ನಮ್ಮ ಸರದಿ!

ಮರುದಿನ ಲಿಫ್ಟಿನಲ್ಲಿ ಸಿಕ್ಕ ನಮ್ಮ ಮೇಲಿನ ಮಹಡಿಯ ಭಟ್ರು ನಗುತ್ತಾ ಹೇಳಿದರು: "ಏನ್ ರಾಯರೇ, ಇಷ್ಟೂ ಗೊತ್ತಿಲ್ವಾ ಈ ಜನಕ್ಕೆ? ಲೋಟದ ತುಂಬಾ ನೀರಿಟ್ಟು ಐಸ್ ತುಂಡು ಹಾಕಿ. ಐಸ್ ಕರಗಿದರೆ ನೀರು ಚೆಲ್ಲುತ್ತಾ? ತೇಲೋ ಮಂಜುಗಡ್ಡೆ ಕರಗಿದರೆ ಸಮುದ್ರ ಏರಲ್ಲ. ಹೈಸ್ಕೂಲ್ ಪಾಠ. ಎಲ್ಲಾ ಬರೀ ಬೊಗಳೆ!"

"ಲೋಟದ ಲೆಕ್ಕ ಸರಿ ಭಟ್ರೇ, 'ಎಲ್ಲಾ ಬೊಗಳೆ' ಅನ್ನೋದು ಮಾತ್ರ ಸರಿಯಲ್ಲ" ಅಂದೆ. ಅಷ್ಟರಲ್ಲಿ ಗ್ರೌಂಡ್ ಫ್ಲೋರ್ ಬಂತು. ಲಿಫ್ಟಿನಲ್ಲಿ ಮುಗಿಯದ ಮಾತನ್ನ ಇಲ್ಲಿ ಮುಗಿಸುತ್ತಿದ್ದೇನೆ.

ಮೊದಲು ಫಾರ್ವರ್ಡ್ ಕಳಿಸಿದವರ ಲೆಕ್ಕ ನೋಡೋಣ. ಸಮುದ್ರದ ಮಟ್ಟ ಜಗತ್ತಿನಾದ್ಯಂತ 1 ಮಿಲಿಮೀಟರ್ ಏರಬೇಕಾದರೆ ಸುಮಾರು 36,000 ಕೋಟಿ ಟನ್ ಹಿಮ ನೆಲದಿಂದ ಸಮುದ್ರಕ್ಕೆ ಇಳಿಯಬೇಕು. ಎ-68 ಹೊರಟಾಗ ಅದರ ತೂಕ ಸುಮಾರು 1 ಲಕ್ಷ ಕೋಟಿ ಟನ್. ಅದು ನೆಲದ ಮೇಲಿದ್ದು ಪೂರ್ತಿ ಸಮುದ್ರಕ್ಕೆ ಬಿದ್ದಿದ್ದರೂ ಏರಿಕೆ 3 ಮಿಲಿಮೀಟರ್‌ಗಿಂತ ಕಡಿಮೆ. ಅದು ಮೊದಲೇ ತೇಲುತ್ತಿತ್ತು, ಹಾಗಾಗಿ ಏರಿಕೆ ಇಲ್ಲವೇ ಇಲ್ಲ ಅನ್ನುವಷ್ಟು. ಎ-68 ಉತ್ತರಕ್ಕೆ ತೇಲಿ, 2020ರ ಕೊನೆಗೆ ಸೌತ್ ಜಾರ್ಜಿಯಾ ದ್ವೀಪದ ಹತ್ತಿರ ಬಂದು, ಪೆಂಗ್ವಿನ್‌ಗಳ ಮೇವಿನ ದಾರಿಗೆ ಅಡ್ಡ ನಿಲ್ಲುತ್ತೇನೋ ಅಂತ ಎಲ್ಲರನ್ನೂ ಹೆದರಿಸಿ, 2021ರ ಏಪ್ರಿಲ್ ಹೊತ್ತಿಗೆ ಚೂರುಚೂರಾಯಿತು. ಮೂರು ತಿಂಗಳಲ್ಲಿ ಅಲ್ಲಿ ಬಿಟ್ಟ ಸಿಹಿನೀರು 15,200 ಕೋಟಿ ಟನ್ ಅಂತ ಆಮೇಲೆ ಲೆಕ್ಕ ಹಾಕಿದರು. ಎ-23ಎ ಕೂಡ 2025ರ ಮಾರ್ಚಿನಲ್ಲಿ ಅದೇ ದ್ವೀಪದ ಹತ್ತಿರ ತಳ ತಾಗಿ, ಆ ವರ್ಷವೇ ಒಡೆಯುತ್ತಾ ಬಂತು. ಕೊಲಾಬಾ ಇದ್ದಲ್ಲೇ ಇದೆ.

ಈಗ ಭಟ್ರ ಲೋಟ. ಇದರಲ್ಲಿ ತಪ್ಪೇನೆಂದರೆ, ಅವರು ಅಸಲಿನ ಲೆಕ್ಕ ನೋಡಿದರು, ಜಾಮೀನಿನ ಲೆಕ್ಕ ಬಿಟ್ಟರು.

ನಮ್ಮ ಬ್ಯಾಲೆನ್ಸ್ ಶೀಟ್ ನೋಡಿದವರಿಗೆ ಗೊತ್ತು. ಬ್ಯಾಂಕು ಯಾರಿಗಾದರೂ ಗ್ಯಾರಂಟಿ ಕೊಟ್ಟಿದ್ದರೆ ಆ ಮೊತ್ತ ಮೇಲಿನ ಒಟ್ಟು ಲೆಕ್ಕದಲ್ಲಿ ಸೇರೋದಿಲ್ಲ. ಕೆಳಗೆ, ಬೇರೆ ಶೆಡ್ಯೂಲಿನಲ್ಲಿ, 'ಕಂಟಿಂಜೆಂಟ್ ಲಯಬಿಲಿಟಿ' ಅಂತ ಸುಮ್ಮನೆ ಕೂತಿರುತ್ತೆ. ಒಳ್ಳೆಯ ದಿನಗಳಲ್ಲಿ ಅದನ್ನ ಯಾರೂ ನೋಡೋದಿಲ್ಲ. ಅದು ಮೈಮೇಲೆ ಬಂದ ದಿನ ಎಲ್ಲರೂ ಅದನ್ನೇ ನೋಡುತ್ತಾರೆ. ಐಸ್ ಶೆಲ್ಫ್ ಕೂಡ ಅಂಥದ್ದು. ಅದರ ಹಿಮ ಸಮುದ್ರದ ಮಟ್ಟದ ಲೆಕ್ಕಕ್ಕೆ ಸೇರೋದಿಲ್ಲ, ಭಟ್ರು ಹೇಳಿದ್ದು ನಿಜ. ಆದರೆ ಅದರ ಬೆನ್ನ ಹಿಂದೆ ನೆಲದ ಮೇಲೆ ಕೂತ ಹಿಮನದಿ ಇದೆಯಲ್ಲ, ಅದು ಒಮ್ಮೆಲೇ ಜಾರದ ಹಾಗೆ ಅಡ್ಡಗಟ್ಟಿ ನಿಂತ ಜಾಮೀನುದಾರ ಅದು. ಎರಡು ಬದಿಯ ಬೆಟ್ಟಕ್ಕೆ, ತಳದ ದಿಬ್ಬಕ್ಕೆ ಒತ್ತಿಕೊಂಡು ಹಿಂದಿನ ಹಿಮವನ್ನ ತಡೆದಿರುತ್ತೆ. ಜಾಮೀನುದಾರ ಊರು ಬಿಟ್ಟರೆ ಏನಾಗುತ್ತೆ ಅಂತ ಬ್ಯಾಂಕಿನವನಿಗೆ ಹೇಳಿಕೊಡಬೇಕಾ?

ಇದು ಬರೀ ಉಪಮೆಯಲ್ಲ, ನಡೆದದ್ದು. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪೂರ್ವದ ದಡದಲ್ಲಿ ಲಾರ್ಸೆನ್-ಬಿ ಅಂತ ಇತ್ತು. ಸುಮಾರು 10,000 ವರ್ಷ ಗಟ್ಟಿಯಾಗಿ ನಿಂತಿದ್ದದ್ದು, 200 ಮೀಟರಿಗೂ ಹೆಚ್ಚು ದಪ್ಪ. ಆ ಭಾಗದ ಹವೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಸುಮಾರು 3 ಡಿಗ್ರಿಯಷ್ಟು ಬಿಸಿಯಾಯಿತು. ಬೇಸಿಗೆಯಲ್ಲಿ ಮೇಲ್ಮೈ ಕರಗಿ ಅಲ್ಲಲ್ಲಿ ಕೊಳಗಳಾದವು, ಆ ನೀರು ಬಿರುಕಿಗೆ ಇಳಿದು ಬೆಣೆಯ ಹಾಗೆ ಸೀಳಿತು. 2002ರ ಜನವರಿ ಕೊನೆಯಿಂದ ಮಾರ್ಚಿನ ಒಳಗೆ, ಸುಮಾರು 35 ದಿನದಲ್ಲಿ, 3,250 ಚದರ ಕಿ.ಮೀ. ಪುಡಿಪುಡಿ. ಗೋವಾ ಲೆಕ್ಕದಲ್ಲಿ ಎ-68ಕ್ಕಿಂತ ಎಷ್ಟೋ ಸಣ್ಣದು. ಆದರೆ ಮುಂದೇನಾಯಿತು ನೋಡಿ. ಅದರ ಹಿಂದಿದ್ದ ಹೆಕ್ಟೋರಿಯಾ, ಗ್ರೀನ್, ಇವಾನ್ಸ್, ಕ್ರೇನ್ ಹಿಮನದಿಗಳು ವೇಗ ಹೆಚ್ಚಿಸಿಕೊಂಡವು. ಕೆಲವು ಎರಡು ಪಟ್ಟು, ಕೆಲವು ಎಂಟು ಪಟ್ಟಿನ ತನಕ! ಅದು ನೆಲದ ಹಿಮ, ಸಮುದ್ರಕ್ಕೆ ಹೊಸ ಜಮಾ. ಇಪ್ಪತ್ತು ವರ್ಷದ ನಂತರವೂ ಆ ಖಾತೆ ಮುಚ್ಚಿಲ್ಲ. ಆ ಕೊಲ್ಲಿಯಲ್ಲಿ ಮತ್ತೆ ಹೆಪ್ಪುಗಟ್ಟಿ ನಿಂತಿದ್ದ ಸಮುದ್ರದ ಮಂಜು 2022ರ ಜನವರಿಯಲ್ಲಿ ಕಿತ್ತುಹೋಯಿತು, ಅದೇ ವರ್ಷದ ಕೊನೆಗೆ ಹೆಕ್ಟೋರಿಯಾ ಎರಡೇ ತಿಂಗಳಲ್ಲಿ ಸುಮಾರು 8 ಕಿ.ಮೀ. ಹಿಂದೆ ಸರಿಯಿತು.

ಇತ್ತ ಎ-68 ಹೋದಾಗ ಲಾರ್ಸೆನ್-ಸಿ ಹಿಂದಿನ ಹಿಮನದಿಗಳು ಹೀಗೆ ಓಡಲಿಲ್ಲ. ಯಾಕೆಂದರೆ ಕಳಚಿದ್ದು ಹೊರ ಅಂಚಿನ ಭಾಗ, ಅದರ ಮೇಲೆ ಹೆಚ್ಚಿನ ಒತ್ತಡವೇ ಇರಲಿಲ್ಲ. ಜಾಮೀನು ಪತ್ರಕ್ಕೆ ಸಹಿ ಇದ್ದೂ ಆಸ್ತಿ ಇಲ್ಲದವರು ಇರುತ್ತಾರಲ್ಲ, ಹಾಗೆ. ದೊಡ್ಡದು ಹೋಯಿತು, ಪರಿಣಾಮ ಕಡಿಮೆ. ಸಣ್ಣದು ಹೋಯಿತು, ಪರಿಣಾಮ ಎಂಟು ಪಟ್ಟು. ಗೋವಾ ಹೋಲಿಕೆಯಿಂದ ಈ ವ್ಯತ್ಯಾಸ ಗೊತ್ತಾಗುತ್ತಾ? ಅದಕ್ಕೇ ನಾನು ಗಾತ್ರ ನೋಡಬೇಡಿ ಅನ್ನೋದು.

ಒಟ್ಟು ಲೆಕ್ಕವೂ ಇದೆ. 1992ರಿಂದ 2017ರ ತನಕ ಅಂಟಾರ್ಕ್ಟಿಕಾದ ನೆಲದ ಹಿಮ 2.72 ಲಕ್ಷ ಕೋಟಿ ಟನ್ ಕಡಿಮೆಯಾಯಿತು ಅಂತ ಹಲವು ದೇಶದ ವಿಜ್ಞಾನಿಗಳು ಕೂಡಿ ಹಾಕಿದ ಲೆಕ್ಕ. ಸಮುದ್ರಕ್ಕೆ ಅದರಿಂದ ಸೇರಿದ್ದು 7.6 ಮಿಲಿಮೀಟರ್. ಇಷ್ಟೇನಾ ಅಂದಿರಾ? ಉಳಿದಿರುವ ಅಸಲು ನೋಡಿ. ಅಲ್ಲಿಯ ಹಿಮ ಪೂರ್ತಿ ಕರಗಿದರೆ ಸಮುದ್ರ 58 ಮೀಟರ್ ಏರುತ್ತೆ. ಅದು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಆಗುವಂಥದ್ದಲ್ಲ, ಹೆದರಿಸಲು ಹೇಳುತ್ತಿಲ್ಲ. ಆದರೆ ಪಶ್ಚಿಮ ಅಂಟಾರ್ಕ್ಟಿಕಾದ ಥ್ವೈಟ್ಸ್ ಹಿಮನದಿ ಒಂದರಲ್ಲೇ 65 ಸೆಂಟಿಮೀಟರಿನಷ್ಟು ಇದೆ. ಅದರ ಮುಂದಿನ ತೇಲುವ ಚಪ್ಪಡಿ ಅಡಿಯಿಂದ ಬೆಚ್ಚನೆಯ ನೀರು ತಾಗಿ ಸವೆಯುತ್ತಿದೆ, ಬಿರುಕು ಬಿಡುತ್ತಿದೆ. ವಿಜ್ಞಾನಿಗಳ ಕಣ್ಣೆಲ್ಲ ಅಲ್ಲಿರೋದು ಅದಕ್ಕೇ.

ಇನ್ನೊಂದು ವಿಷಯ ಓದಿ ನನಗೇ ಆಶ್ಚರ್ಯವಾಯಿತು. ಅಷ್ಟು ದೊಡ್ಡ ಹಿಮರಾಶಿಗೆ ತನ್ನದೇ ಗುರುತ್ವಾಕರ್ಷಣೆ ಇದೆ, ಸುತ್ತಲಿನ ಸಮುದ್ರವನ್ನ ತನ್ನ ಕಡೆ ಎಳೆದುಕೊಂಡಿರುತ್ತೆ. ಹಿಮ ಕಡಿಮೆಯಾದರೆ ಆ ಹಿಡಿತ ಸಡಿಲವಾಗಿ, ಹತ್ತಿರದ ಸಮುದ್ರ ಇಳಿಯುತ್ತೆ, ದೂರದ್ದು ಸರಾಸರಿಗಿಂತ ಹೆಚ್ಚು ಏರುತ್ತೆ. ಅಂದರೆ ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಕರಗಿದರೆ ಬಿಲ್ ಬರೋದು ಪಕ್ಕದ ಪೆಂಗ್ವಿನ್‌ಗೆ ಅಲ್ಲ, ಸಾವಿರಾರು ಕಿ.ಮೀ. ದೂರದ ನಮ್ಮಂಥವರಿಗೆ!

ಈಗ ಮುಂಬಯಿಗೆ ಬರೋಣ. ಏಳು ದ್ವೀಪದ ನಡುವಿನ ಕಡಲು ತುಂಬಿಸಿ ಕಟ್ಟಿದ ಊರು ಇದು. ಇಲ್ಲಿ ಮಳೆ ನೀರು ಸಮುದ್ರಕ್ಕೆ ಹೋಗುವ ಬಾಯಿಗಳಲ್ಲಿ ಹೆಚ್ಚಿನವು ದೊಡ್ಡ ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರ ಇರುವಾಗ ಜೋರು ಮಳೆ ಬಂದರೆ ನೀರು ತಾನಾಗಿ ಹೊರಗೆ ಹೋಗಲಾರದು, ಪಂಪ್ ಹಾಕಿ ನೂಕಬೇಕು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್‌ಗಳಲ್ಲಿ ಪಂಪಿಂಗ್ ಸ್ಟೇಷನ್ ಕಟ್ಟಿದ್ದು ಅದಕ್ಕೇ. 2005ರ ಜುಲೈ 26 ನಮ್ಮಲ್ಲಿ ಯಾರಿಗೆ ಮರೆತಿದೆ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ, ಜೊತೆಗೆ ಉಬ್ಬರ. ಅದು ಅಂಟಾರ್ಕ್ಟಿಕಾದ ಕೆಲಸವಲ್ಲ, ಮಳೆಯ ಕೆಲಸ. ಆದರೆ ಸಮುದ್ರ ಒಂದೊಂದು ಅಂಗುಲ ಏರಿದಾಗಲೂ ನೀರು ತಾನಾಗಿ ಹರಿದುಹೋಗುವ ಹೊತ್ತು ಅಷ್ಟಷ್ಟು ಕಡಿಮೆಯಾಗುತ್ತೆ. ನಮ್ಮನ್ನ ಕಾಡೋದು ಸಿನಿಮಾದಲ್ಲಿ ಬರುವ ಮಹಾ ಅಲೆ ಅಲ್ಲ. ಗಟಾರದಿಂದ ವಾಪಸ್ ಬರುವ ನೀರು.

ಏರಿಕೆಯ ದರವನ್ನೂ ನೋಡಿ. 1901ರಿಂದ 1971ರ ತನಕ ವರ್ಷಕ್ಕೆ ಸರಾಸರಿ 1.3 ಮಿ.ಮೀ., 2006ರ ತನಕ 1.9, ಅಲ್ಲಿಂದ 2018ರ ತನಕ 3.7. ಇದು ಫಿಕ್ಸೆಡ್ ರೇಟ್ ಅಲ್ಲ ಸ್ವಾಮಿ, ಫ್ಲೋಟಿಂಗ್ ರೇಟ್, ಅದೂ ಏರುವ ಕಡೆಗೇ ಫ್ಲೋಟ್ ಆಗುವಂಥದ್ದು! ವಿಶ್ವಸಂಸ್ಥೆಯ ಐಪಿಸಿಸಿ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2100ರ ಹೊತ್ತಿಗೆ ಹೊಗೆ ಬೇಗ ಕಡಿಮೆ ಮಾಡಿದರೆ 28ರಿಂದ 55 ಸೆಂ.ಮೀ., ಮಾಡದೇ ಹೋದರೆ 63 ಸೆಂ.ಮೀ.ನಿಂದ 1 ಮೀಟರ್. ಹಿಮದ ಚಪ್ಪಡಿಗಳು ಎಣಿಸಿದ್ದಕ್ಕಿಂತ ಬೇಗ ಕೈಕೊಟ್ಟರೆ 2 ಮೀಟರಿನ ಹತ್ತಿರಕ್ಕೂ ಹೋಗಬಹುದು, ಅದನ್ನ ತಳ್ಳಿಹಾಕಲಾಗದು ಅಂತಲೂ ಬರೆದಿದ್ದಾರೆ. ಈ 1 ಮೀಟರಿಗೂ 2 ಮೀಟರಿಗೂ ನಡುವೆ ನಿಂತಿರೋದೇ ನಮ್ಮ ಜಾಮೀನುದಾರ.

ಇದರಿಂದ ನಮಗೇನು? ಮುಂಬಯಿ ಕನ್ನಡಿಗರ ಉಳಿತಾಯ ಎಲ್ಲಿದೆ ಅಂತ ನನಗೆ ಕೌಂಟರಿನ ಈ ಬದಿಯಿಂದ ಚೆನ್ನಾಗಿ ಗೊತ್ತು. ಅರ್ಧ ಇಲ್ಲಿಯ ಫ್ಲ್ಯಾಟಿನಲ್ಲಿ, ಅದೂ ಎಷ್ಟೋ ಜನರದ್ದು ಖಾಡಿಯ ಪಕ್ಕದ ತಗ್ಗಿನಲ್ಲಿ. ಇನ್ನರ್ಧ ಊರಿನ ಮನೆಯಲ್ಲಿ. ನಮ್ಮಲ್ಲಿ ಕರಾವಳಿಯವರೇ ಹೆಚ್ಚು, ನಿವೃತ್ತಿಯ ಹಣ ತೆಗೆದುಕೊಂಡು ಹೋಗಿ ಕಡಲಿನ ಹತ್ತಿರವೇ ಮನೆ ಕಟ್ಟುವ ಆಸೆ. ಉಳ್ಳಾಲದಲ್ಲಿ ಮಳೆಗಾಲದ ಕಡಲ್ಕೊರೆತ ನೋಡಿದವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಅಳಿವೆ, ಬಂದರಿನ ತಡೆಗೋಡೆ, ಮರಳು ಅಂತ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಹಿಮದ ತಲೆಗೆ ಕಟ್ಟಬಾರದು. ಆದರೆ ಕೊರೆಯುವ ಕಡಲಿನ ಮಟ್ಟವೇ ಏರುತ್ತಿದ್ದರೆ ಹಾಕಿದ ಕಲ್ಲು ಎಷ್ಟು ದಿನ ಬಂದೀತು?

ಗೃಹಸಾಲದ ಫೈಲಿನಲ್ಲಿ ವ್ಯಾಲ್ಯೂಯರ್ ರಿಪೋರ್ಟ್ ಇರುತ್ತೆ. ಕಟ್ಟಡಕ್ಕೆ ಇನ್ನೆಷ್ಟು ವರ್ಷ ಆಯಸ್ಸು ಅಂತ ಬರೆಯುತ್ತಾರೆ, ರಸ್ತೆ ಎಷ್ಟು ಅಗಲ ಅಂತ ಬರೆಯುತ್ತಾರೆ. ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಉಬ್ಬರದ ದಿನ ಗೇಟಿನಲ್ಲಿ ನೀರು ನಿಲ್ಲುತ್ತಾ ಅನ್ನುವ ಕಾಲಂ ನಾನು ಕಂಡ ರಿಪೋರ್ಟುಗಳಲ್ಲಿ ಇರಲಿಲ್ಲ. ಮೂವತ್ತು ವರ್ಷದ ಸಾಲ ಕೊಡುತ್ತೇವೆ. ಸದ್ಯದ ದರದಲ್ಲೇ ಹೋದರೂ ಅಷ್ಟರಲ್ಲಿ ಸಮುದ್ರ 11 ಸೆಂ.ಮೀ. ಏರಿರುತ್ತೆ. ಈ ಪ್ರಶ್ನೆ ಕೇಳೋದು ಬ್ಯಾಂಕುಗಳ ಕರ್ತವ್ಯ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಬ್ಯಾಂಕು ಕೇಳದಿದ್ದರೆ ಕೊಳ್ಳುವವರು ಕೇಳಬೇಕು. ಕೇಳಿದರೆ ಬಿಲ್ಡರ್ ನಗುತ್ತಾನೆ. ನಗಲಿ ಬಿಡಿ, ಕಂತು ಕಟ್ಟೋದು ಅವನಲ್ಲವಲ್ಲ.

ಮುಂಚೆಯೇ ಪ್ರಾವಿಷನ್ ಮಾಡಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಆ ಹಿಮದ ನಾಡಿನಲ್ಲೇ ಇದೆ. ಬ್ರಂಟ್ ಐಸ್ ಶೆಲ್ಫ್ ಮೇಲೆ ಬ್ರಿಟಿಷರ ಹ್ಯಾಲಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಕನಿಷ್ಠ 35 ವರ್ಷ ಸುಮ್ಮನಿದ್ದ ಬಿರುಕೊಂದು 2012ರಲ್ಲಿ ಮತ್ತೆ ಬೆಳೆಯೋದು ಕಂಡಿತು. ಅವರು ವರ್ಷವರ್ಷ ಅಳೆದರು. ಕೇಂದ್ರವನ್ನ ಮೊದಲೇ ಸ್ಕೀ ಹಾಕಿದ ಕಾಲುಗಳ ಮೇಲೆ ಕಟ್ಟಿದ್ದರು. 2016-17ರ ಬೇಸಿಗೆಯಲ್ಲಿ ಟ್ರಾಕ್ಟರ್ ಕಟ್ಟಿ 23 ಕಿ.ಮೀ. ಒಳಗೆ ಎಳೆದುಕೊಂಡು ಹೋದರು. ಚಳಿಗಾಲದಲ್ಲಿ ಜನರನ್ನ ಇಡೋದನ್ನೂ ನಿಲ್ಲಿಸಿದರು. 2023ರ ಜನವರಿ 22ರಂದು ಎ-81 ಕಳಚಿತು. ಒಬ್ಬರಿಗೂ ಏನೂ ಆಗಲಿಲ್ಲ. ಆರು ವರ್ಷ ಮುಂಚೆ ಮಾಡಿದ ಖರ್ಚು ಆ ದಿನ ವಸೂಲಾಯಿತು.

ನಮ್ಮ ದೇಶಕ್ಕೂ ಈ ಪಾಠ ಗೊತ್ತು. 1981ರ ಡಿಸೆಂಬರಿನಲ್ಲಿ ಗೋವಾದಿಂದಲೇ ಡಾ. ಖಾಸಿಂ ಅವರ ಮುಂದಾಳತ್ವದಲ್ಲಿ ನಮ್ಮವರು ಮೊದಲ ಬಾರಿ ಅಂಟಾರ್ಕ್ಟಿಕಾಕ್ಕೆ ಹೊರಟದ್ದು. 1983-84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ನಿಂತದ್ದು ಐಸ್ ಶೆಲ್ಫಿನ ಮೇಲೆಯೇ. ಅದು ಹಿಮದಲ್ಲಿ ಹೂತುಹೋಗುತ್ತಾ ಬಂತು, 1990ರಲ್ಲಿ ಬಿಟ್ಟರು. ಆಮೇಲಿನ ಮೈತ್ರಿ, 2012ರ ಭಾರತಿ, ಎರಡನ್ನೂ ಗಟ್ಟಿ ಬಂಡೆ ನೆಲದ ಮೇಲೆ ಕಟ್ಟಿದರು. ಇವತ್ತಿಗೂ ಗೋವಾದ ವಾಸ್ಕೋದಲ್ಲಿರುವ ಧ್ರುವ ಸಂಶೋಧನಾ ಕೇಂದ್ರದಿಂದ ಜನ ಅಲ್ಲಿಗೆ ಹೋಗುತ್ತಾರೆ. 'ಬಡ ದೇಶಕ್ಕೆ ಈ ಮಂಜಿನ ಶೋಕಿ ಯಾಕೆ?' ಅಂತ ಕೇಳುವವರು ಈಗಲೂ ಇದ್ದಾರೆ. ಇಷ್ಟು ಉದ್ದದ ಕರಾವಳಿಯ ದೇಶ ತನ್ನ ಜಾಮೀನುದಾರನ ಆರೋಗ್ಯ ವಿಚಾರಿಸೋದು ಶೋಕಿಯಲ್ಲ, ಡ್ಯೂ ಡಿಲಿಜೆನ್ಸ್.

ಹಾಗಾಗಿ ಮುಂದಿನ ಬಾರಿ 'ಗೋವಾದ ಎರಡು ಪಟ್ಟು' ಅಂತ ಸುದ್ದಿ ಬಂದಾಗ ಹೆದರಿ ಫಾರ್ವರ್ಡ್ ಮಾಡಬೇಡಿ, ಲೋಟ ತೋರಿಸಿ ನಗಲೂ ಬೇಡಿ. ಅದರ ಹಿಂದೆ ಯಾವ ಹಿಮನದಿ ಇತ್ತು, ಅದರ ವೇಗ ಈಗ ಎಷ್ಟು ಅಂತ ಹುಡುಕಿ ಓದಿ. ಭಟ್ರಿಗೆ ಈ ಬರಹದ ಪ್ರಿಂಟ್ ತೆಗೆದು ಕೊಡುವವನಿದ್ದೇನೆ, ಅವರು ವಾದ ಮಾಡದೆ ಬಿಡುವವರಲ್ಲ.

ನಿಮ್ಮದೂ ಹೇಳಿ. ಮುಂಬಯಿ, ಚೆನ್ನೈಯಲ್ಲಿ ಮನೆ ಮಾಡಿದವರು, ಊರಿನ ಕಡಲ ಬದಿಯಲ್ಲಿ ಜಾಗ ನೋಡುತ್ತಿರುವವರು, ಕೊಳ್ಳುವ ಮುಂಚೆ ನೀರಿನ ಮಟ್ಟ ವಿಚಾರಿಸಿದಿರಾ? ಯಾರನ್ನ ಕೇಳಿದಿರಿ, ಏನು ಉತ್ತರ ಸಿಕ್ಕಿತು?